ಹೆಲ್ವಿ ಎಳೆದ ಗೆರೆ

ಹೆಲ್ವಿ ರೌಟಿಯೊ ಹೃದಯದ ಅಂಚಿಗೆ ಗೆರೆ ಎಳೆಯುವಾಗ ಉಸಿರಾಡುತ್ತಿರಲಿಲ್ಲ. ಎಂ.ಆರ್.ಐ. ಕೊಳವೆಯೊಳಗೆ ರೋಗಿಯನ್ನು ಮಲಗಿಸಿ, ಉಸಿರು ಹಿಡಿಯಲು ಹೇಳಿ ತೆಗೆದ ಚಿತ್ರವದು. ಅದರ ಮುಂದೆ ತಾವು ಆರಾಮಾಗಿ ಉಸಿರಾಡುತ್ತ ಕೂರುವುದು ಅವರ ಪ್ರಕಾರ ಮರ್ಯಾದೆಯಲ್ಲ. ಗೆರೆ ಮುಗಿದಾಗಲೆಲ್ಲ ಕೋಣೆಯಲ್ಲೊಂದು ದೀರ್ಘ ನಿಟ್ಟುಸಿರು ಕೇಳಿಸುತ್ತಿತ್ತು. ಹೊಸಬರು ಪಾಪ, ಇವರಿಗೇನೋ ದುಃಖವೆಂದು ಭಾವಿಸಿ ಕಾಫಿ ತಂದುಕೊಡುತ್ತಿದ್ದರು. ಅವರು ಬೇಡವೆನ್ನುತ್ತಿರಲಿಲ್ಲ.

ಟುರ್ಕು ನಗರದ ಆ ಆಸ್ಪತ್ರೆಯಲ್ಲಿ ಹನ್ನೆರಡು ವರ್ಷ ನಾನು ಅವರ ಪಕ್ಕದ ಮೇಜಿನವನು. ಅವರದು ಮೊಣಕೈಗೆ ಎರಡು ಸಲ ತೇಪೆ ಬಿದ್ದ ಸಾಸಿವೆ ಬಣ್ಣದ ಸ್ವೆಟರ್. ಜುಲೈ ಬಿಸಿಲಲ್ಲೂ ಹಿಮಗಟ್ಟಿದ ದಾರಿಯಲ್ಲೆಂಬಂತೆ ಪಾದವನ್ನು ಪೂರ್ತಿ ಊರಿ ಇಡುವ ಹೆಜ್ಜೆ. ಯಾರು ಏನೇ ಹೇಳಿದರೂ "ನೋಡೋಣ" ಎಂಬ ಒಂದೇ ಉತ್ತರ. ಎಡ ಹೃತ್ಕುಕ್ಷಿಯ, ಅಂದರೆ ಹೃದಯದ ಎಡ ಕೆಳಕೋಣೆಯ, ಹತ್ತು ಹನ್ನೆರಡು ಅಡ್ಡಸೀಳು ಚಿತ್ರಗಳಲ್ಲಿ, ಅದು ಹಿಗ್ಗಿದಾಗೊಮ್ಮೆ ಕುಗ್ಗಿದಾಗೊಮ್ಮೆ, ಒಳ ಅಂಚನ್ನು ಗುರುತಿಸಿ, ಒಂದು ಬಡಿತಕ್ಕೆ ನೂರರಲ್ಲಿ ಎಷ್ಟು ಪಾಲು ರಕ್ತ ಹೊರಬೀಳುತ್ತದೆಂದು ಹೇಳುವುದು ಅವರ ಕಸುಬು. ಆ ಅಂಕಿ ಮೂವತ್ತೈದಕ್ಕಿಂತ ಕೆಳಗಿಳಿದರೆ, ನಿಂತ ಹೃದಯಕ್ಕೆ ಆಘಾತ ಕೊಟ್ಟು ಎಬ್ಬಿಸುವ ಪುಟ್ಟ ಸಾಧನವನ್ನು ಎದೆಯೊಳಗೆ ಕೂರಿಸುವ ಮಾತು ಬರುತ್ತದೆ.

ಇದನ್ನೆಲ್ಲ ತಾನಾಗಿ ಮಾಡುವ ತಂತ್ರಾಂಶವನ್ನು ಕಟ್ಟಿದವರು ಇಂಜಿನಿಯರ್ ಈರಿಸ್ ಹಕಲ. ಅದಕ್ಕೆ ಪಾಠವಾದದ್ದು ಹೆಲ್ವಿ ಎಳೆದಿದ್ದ ಎರಡು ಸಾವಿರ ಹೃದಯಗಳ ಗೆರೆಗಳೇ. ಅವರ ಅರ್ಧ ಗಂಟೆಯ ಕೆಲಸ ಅದಕ್ಕೆ ನಾಲ್ಕು ಸೆಕೆಂಡು. ಇನ್ನು ನಿಮಗೆ ರಜೆ ಎಂದು ನಾವು ಛೇಡಿಸಿದರೆ, ಅದಕ್ಕೆ ಉಸಿರು ಹಿಡಿಯೋಕೆ ಬರುತ್ತಾ ಎಂದು ಕೇಳಿ ನಮ್ಮ ಬಾಯಿ ಮುಚ್ಚಿಸುತ್ತಿದ್ದರು.

ದ್ವೀಪಗಳ ಕಡೆಗೆ ಬಸ್ಸು ಓಡಿಸುವ ಸುಲೊ ಕಂಕರೆಯ ಹೃದಯಕ್ಕೆ ತಂತ್ರಾಂಶ ಕೊಟ್ಟ ಅಂಕಿ ಮೂವತ್ಮೂರು. ಸಾಧನ ಕೂತರೆ ಬಸ್ಸಿನ ಪರವಾನಗಿ ಹೋದಂತೆಯೇ. "ಐವತ್ತೊಂದಾಯ್ತು ನಂಗೆ. ಬಸ್ ಬಿಟ್ರೆ ಬೇರೇನೂ ಬರಲ್ಲ. ಒಂದ್ಸಲ ಸರಿಯಾಗಿ ನೋಡ್ತೀರಾ?" ಎಂದು ಆತ ಕೇಳಿದ್ದ. ಹೆಲ್ವಿ ನೋಡಿದರು. ಹೃದಯ ಕುಗ್ಗುವಾಗ ತುಸು ಕೆಳಕ್ಕೆ ಜಾರುತ್ತದೆ; ಆಗ ಎಲ್ಲಕ್ಕಿಂತ ಮೇಲಿನ ಸೀಳಿನಲ್ಲಿ ಉಳಿಯುವುದು ಹೃತ್ಕುಕ್ಷಿಯಲ್ಲ, ಅದರ ಮೇಲಿರುವ ಹೃತ್ಕರ್ಣ. ಯಂತ್ರ ಅದನ್ನೂ ಸೇರಿಸಿ ಎಣಿಸಿ, ಒಳಗುಳಿದ ರಕ್ತವನ್ನು ಹೆಚ್ಚಾಗಿ ತೋರಿಸಿತ್ತು. ಬಿಟ್ಟು ಎಣಿಸಿದರೆ ಮೂವತ್ತೆಂಟು. ಈರಿಸ್ ಕ್ಷಮೆ ಕೇಳಿ, ಯಂತ್ರದ ದೋಷವನ್ನು ಸರಿಪಡಿಸುವೆನೆಂದರು. ಹೆಲ್ವಿ ಮಾತ್ರ ಎರಡು ದಿನ ತಮ್ಮ ಹಳೆಯ ಚಿತ್ರಗಳನ್ನು ಒಂದೊಂದಾಗಿ ತೆರೆಯುತ್ತ ಕೂತರು.

ಮಂಗಳವಾರದ ಸಭೆಯಲ್ಲಿ, ವೈದ್ಯರೆಲ್ಲರ ಎದುರಿಗೆ, ಎದ್ದು ನಿಂತರು.

"ಇದು ಯಂತ್ರದ ತಪ್ಪಲ್ಲ, ನಂದು. ಆಲ್ಪೊಗೆ ನಲವತ್ತು ಅಂತ ಬರೆದು ಮನೆಗೆ ಕಳಿಸಿದ್ರು. ಮೂರು ವಾರಕ್ಕೆ ದೋಣಿಕಟ್ಟೆ ಮೇಲೆ ಬಿದ್ದು ಹೋದ."

ಆಲ್ಪೊ ಅವರ ಗಂಡ. ತೀರಿಕೊಂಡು ಹತ್ತು ವರ್ಷವಾಗಿತ್ತು. ಅಷ್ಟು ದಿನದಲ್ಲಿ ಆ ಹೆಸರನ್ನು ಅವರ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು.

"ಆಮೇಲೆ ಅನುಮಾನ ಬಂದಾಗೆಲ್ಲ ಮೇಲಿನ ಸೀಳನ್ನೂ ಸೇರಿಸ್ತಿದ್ದೆ. ಅಂಕಿ ಒಂಚೂರು ಇಳಿಯುತ್ತೆ, ಸುಮ್ನೆ ಮನೆಗೆ ಕಳಿಸಲ್ಲ ಅಂತ. ಬರ್ತಾ ಬರ್ತಾ ಅದೇ ಕೈಗೆ ರೂಢಿಯಾಯ್ತು. ಈರಿಸ್ ಯಂತ್ರ ಕಲಿತಿರೋದು ಅದನ್ನೇ. ನನ್ನ ಗೆರೆ ಎಲ್ಲ ನಾನೇ ತಿದ್ತೀನಿ."

ಮೊದಲು ತಿದ್ದಬೇಕಾದದ್ದು ಸುಲೊನ ವರದಿ. ಮೂವತ್ತೆಂಟೆಂದು ಬರೆಯುವುದೆಂದರೆ, ಆಲ್ಪೊನನ್ನು ಕಳಿಸಿದ ಹಾಗೆಯೇ ಇವನನ್ನೂ ಬರೀ ಮಾತ್ರೆ ಕೊಟ್ಟು ಮನೆಗೆ ಕಳಿಸುವುದು. ಅವರ ಬೆರಳು ಅಂಕಿಯ ಮೇಲೆ ಬಹಳ ಹೊತ್ತು ನಿಂತಿತ್ತು. ಬರೆದರು. ಮುಂದಿನ ಏಳು ತಿಂಗಳು ಎರಡು ಸಾವಿರ ಹೃದಯಗಳನ್ನು ಮತ್ತೆ ಎಳೆದರು. ತಮ್ಮ ತಪ್ಪು ಅಂಕಿಯಿಂದಾಗಿ ಬೇಡದ ಸಾಧನವನ್ನು ಎದೆಯಲ್ಲಿ ಹೊತ್ತಿದ್ದ ಇಬ್ಬರ ಮನೆಗೂ ತಾವೇ ಹೋಗಿ ವಿಷಯ ತಿಳಿಸಿ ಬಂದರು.

ಕಸುಬಿನಲ್ಲಿ ಕೈ ನಡುಗದವರು ಇದ್ದಾರೆಂದು ನಾನು ನಂಬುವುದಿಲ್ಲ. ಆ ನಡುಕ ಪ್ರೀತಿಯಿಂದ ಬಂದದ್ದಾದರೆ ಲೋಕ ಅದನ್ನು ಮನ್ನಿಸಿಯೂ ಬಿಡುತ್ತದೆ. ಹೆಲ್ವಿಯಂಥವರು ಮಾತ್ರ ಆ ಕ್ಷಮೆಯನ್ನು ಒಲ್ಲೆನ್ನುತ್ತಾರೆ. ಪ್ರೀತಿಯಿಂದಾದದ್ದನ್ನೂ ತಪ್ಪೆಂದೇ ಕರೆದು, ಕೂತು ತಿದ್ದುತ್ತಾರೆ.