ಖಾರದ ಕೈ

"ಮೆಕ್ಕಾಕ್ಕ, ಉಮ್ರಾ ಯಾತ್ರೆಗೆ ಹೊಂಟೇನಿ, ಗದಿಗೆವ್ವ. ಹೋಗೂಕಿಂತ ಮೊದ್ಲ ಎಲ್ಲಾರ ಹತ್ರ ಮಾಫಿ ಕೇಳಬೇಕು," ಎಂದ ಪಕ್ಕದ ಮನೆಯ ಗೂಡುಸಾಬ, ಕಟ್ಟೆಯ ಕೆಳಗೆ ನಿಂತುಕೊಂಡೇ.

ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಗದಿಗೆವ್ವನ ಕೈ ನಿಂತಿತು. ಬ್ಯಾಡಗಿಯ ಆ ಓಣಿಯಲ್ಲಿ ಮೂವತ್ತು ವರ್ಷ ಒಂದೇ ಗೋಡೆಯ ಆಚೆ ಈಚೆ ಬಾಳಿದವರು. ಮಾಫಿ ಕೇಳುವಂಥದ್ದು ಆತನೇನು ಮಾಡಿದ್ದ?

"ಅಂಥಾದ್ದೇನೂ ಇಲ್ಲ ಬಿಡಣ್ಣ. ಆರಾಮ ಹೋಗಿ ಬಾ."

"ಐತಿ. ನನ್ನ ಮಗಳು ಬೇನಜೀರಗ ಮೂರ್ಛೆರೋಗ ಐತಿ ಅಂತ ಯಾರೋ ಹೇಳಿ, ರಾಣೇಬೆನ್ನೂರ ಸಂಬಂಧ ಮುರೀತಲ್ಲ? ಎರಡು ವರ್ಷ ನಿನ್ನ ಮ್ಯಾಲ ಸಂಶೆ ಇಟ್ಕೊಂಡಿದ್ದೆ. ಮನಸಿನ್ಯಾಗ ಶಾಪಾನೂ ಹಾಕೀನಿ. ಆಕಿ ಹುಟ್ಟಿದಾಗ ನನ್ನ ಹೇಂತಿ ತಾಜಬಿ ಬಾಣಂತನ ಮಾಡಿದಾಕಿ ನೀನು. ಅದನ್ನ ಮರತು ಹಂಗ ಅನ್ಕೊಂಡೆ. ಮಾಫ್ ಮಾಡವ್ವ."

ಗಂಡಿನವರಿಗೆ ಹಾಗೆ ಹೇಳಿದವಳು ಗದಿಗೆವ್ವನೇ. ಮೆಣಸಿನಕಾಯಿ ಘಾಟಿಗೆ ಹುಡುಗಿ ಒಮ್ಮೆ, ಒಂದೇ ಒಮ್ಮೆ, ತಲೆ ತಿರುಗಿ ಬಿದ್ದದ್ದನ್ನು ನೋಡಿದ್ದಳು. ತನ್ನ ಮಗಳು ಶ್ರೀದೇವಿಯನ್ನು ಗಂಡಿನವರು ಬೇಡವೆಂದು ಎದ್ದುಹೋದ ವಾರವದು, ಹೊಟ್ಟೆ ಉರಿದಿತ್ತು. ಈಗ ಮಾಫ್ ಮಾಡಿದೆ ಎಂದುಬಿಟ್ಟರೆ ಆತ ಹಗುರಾಗಿ ಹೋಗುತ್ತಾನೆ. ಖರೇ ಹೇಳಿದರೆ ಯಾತ್ರೆಗೆ ಹೊರಟವನ ಎದೆಯ ಮೇಲೆ ಕಲ್ಲು ಇಟ್ಟಂತೆ. ಸುಮ್ಮನಿರುವುದು ಕರುಣೆಯೋ ಹೇಡಿತನವೋ, ಎಷ್ಟು ಯೋಚಿಸಿದರೂ ಬಗೆಹರಿಯಲಿಲ್ಲ. ಗೋಡೆಯಾಚೆ ಬೇನಜೀರಳ ಹೊಲಿಗೆ ಯಂತ್ರ ಟರ್ ಎನ್ನುತ್ತಿತ್ತು. ಆ ಸಂಬಂಧ ಮುರಿದ ಮೇಲೆ ಅವಳಿಗೆ ಯಾರೂ ಗಂಡು ತೋರಿಸಿರಲಿಲ್ಲ.

"ನಾನೇ ಹೇಳಿದ್ದಣ್ಣ," ಎಂದಳು ಗದಿಗೆವ್ವ. "ಸುಳ್ಳು ಹೇಳಿದೆ."

ಗೂಡುಸಾಬ ಎರಡು ಹೆಜ್ಜೆ ಹೋದ. ನಿಂತ. ತಿರುಗಿ ಬಂದು ಕಟ್ಟೆಯ ಮೇಲೆ ಕುಳಿತು, ಒಂದು ಹಿಡಿ ಕಾಯಿ ಎಳೆದುಕೊಂಡು ತಾನೂ ತೊಟ್ಟು ಕೀಳತೊಡಗಿದ. ಸಿಟ್ಟೋ ಸಮಾಧಾನವೋ, ಮುಖ ನೋಡಿ ಹೇಳುವಂತಿರಲಿಲ್ಲ. ಬಹುಶಃ ಆತನಿಗೂ ಗೊತ್ತಿರಲಿಲ್ಲ. ತುಸು ಹೊತ್ತಿಗೆ ಆತನ ಕೈ ಕಣ್ಣಿನ ಕಡೆ ಹೋಯಿತು. ಗದಿಗೆವ್ವ ತಟ್ಟನೆ ಮಣಿಕಟ್ಟು ಹಿಡಿದಳು.

"ಕಣ್ಣು ಮುಟ್ಕೋಬ್ಯಾಡ. ಖಾರದ ಕೈ."

ಒಳಗೆ ಹೋಗಿ ಕೈಯ ಉರಿಗೆ ಹಚ್ಚಲು ಕೊಬ್ಬರಿ ಎಣ್ಣೆ ತಂದಳು. ಆತ ಬೊಗಸೆ ಒಡ್ಡಿದ. ಆಕೆ ಎಣ್ಣೆ ಹುಯ್ಯತೊಡಗಿದಾಗ ಕೇಳಿದ:

"ಅಲ್ಲಿ ನಿನ್ನ ಹೆಸರಿಲೆ ಏನು ಬೇಡ್ಲಿ?"

ಆಕೆಯ ಎದೆಯಲ್ಲಿ ಏನೋ ಹಗುರಾಯಿತು. ಹಗುರಾದದ್ದಕ್ಕೇ ನಾಚಿಕೆಯೂ ಆಯಿತು. ಗೋಡೆಯಾಚೆ ಹೊಲಿಗೆ ಯಂತ್ರ ಯಾವಾಗಲೋ ನಿಂತಿತ್ತು. ಗದಿಗೆವ್ವ ಎಣ್ಣೆ ಹುಯ್ಯುತ್ತಲೇ ಇದ್ದಳು. ಅದು ಆತನ ಬೆರಳ ಸಂದಿಯಿಂದ ಸೋರಿ ಕೆಂಪು ಕಾಯಿಗಳ ಮೇಲೆ ಹನಿಯುತ್ತಿತ್ತು.