ಎಂಟನೆಯ ಜಾಗ

ಮೊದಲ ಸೆಮಿಫೈನಲ್ ಮುಗಿಸಿ ನೀರಿನಿಂದ ಮೇಲೆ ಬಂದ ಮೆದೆತ್‌ಗೆ ಕೂರಲು ಆಗಲಿಲ್ಲ. ಐವತ್ತು ಮೀಟರ್ ಫ್ರೀಸ್ಟೈಲ್ ಈಜಿದ್ದು ಇಪ್ಪತ್ತೆರಡು ಸೆಕೆಂಡು ನಲವತ್ತೇಳರಲ್ಲಿ. ತನ್ನ ಗುಂಪಿನಲ್ಲಿ ಅವನು ಐದನೆಯವನು. ಇನ್ನು ಎರಡನೆಯ ಗುಂಪಿನ ಎಂಟು ಮಂದಿ ಈಜಬೇಕಿತ್ತು. ಅವರಲ್ಲಿ ಮೂವರಷ್ಟೇ ತನಗಿಂತ ಬೇಗ ಗೋಡೆ ಮುಟ್ಟಿದರೆ ನಾಳೆಯ ಫೈನಲ್‌ನ ಎಂಟನೆಯ ಜಾಗ ತನ್ನದು. ನಾಲ್ವರು ಮುಟ್ಟಿದರೆ ಮನೆಗೆ, ಬಿಷ್ಕೆಕ್‌ಗೆ ಹೋಗುವ ಬಸ್ಸು.

ಟವೆಲ್ಲನ್ನು ಹೆಗಲಿಗೆ ಹಾಕಿಕೊಂಡ, ತೆಗೆದ, ಮಡಚಿದ, ಮತ್ತೆ ಬಿಡಿಸಿದ. ತಾಷ್ಕೆಂಟಿನ ಆ ದೊಡ್ಡ ಕೊಳದ ಗ್ಯಾಲರಿಯಲ್ಲಿ ಜನ ತಮ್ಮ ದೇಶದ ಹುಡುಗನೊಬ್ಬನ ಹೆಸರು ಹಿಡಿದು ಕೂಗುತ್ತಿದ್ದರು. ಆ ಗದ್ದಲದ ನಡುವೆ ಆರನೆಯ ಲೇನಿನ ಹಿಂದೆ ನಿಂತು ತೋಳು ಬೀಸುತ್ತಿದ್ದವನು ತಿಲೆಕ್. ಮೆದೆತ್‌ನ ಹೆಂಡತಿ ಬೆರ್ಮೆತ್‌ಳ ತಮ್ಮ. ಹತ್ತೊಂಬತ್ತು ವರ್ಷ. ಬಾಲಿಕ್ಚಿಯಲ್ಲಿ ಸರೋವರದ ನೀರಿನಲ್ಲಿ ಕೈಕಾಲು ಬಡಿಯುತ್ತ ಬೆಳೆದವನನ್ನು ಮೂರು ವರ್ಷದ ಹಿಂದೆ ಬಿಷ್ಕೆಕ್‌ಗೆ ಕರೆತಂದು, ತನ್ನ ಮನೆಯಲ್ಲೇ ಇರಿಸಿಕೊಂಡು, ತನ್ನ ಲೇನಿನಲ್ಲೇ ಈಜಿಸಿದವನು ಮೆದೆತ್.

ಸ್ಟಾರ್ಟರ್‌ನ ಸದ್ದಿಗೆ ಎಂಟು ಮಂದಿ ನೀರಿಗೆ ಬಿದ್ದರು. ಇಪ್ಪತ್ತೆರಡು ಸೆಕೆಂಡು ಎಂದರೆ ಎಷ್ಟು ಹೊತ್ತು! ಮೆದೆತ್ ಫಲಕ ನೋಡಿದ. ಒಂದು, ಎರಡು, ಮೂರು, ಮೂವರೂ ತನಗಿಂತ ಮುಂದೆ. ನಾಲ್ಕನೆಯ ಸಾಲಿನಲ್ಲಿ ತಿಲೆಕ್‌ನ ಹೆಸರು. ಅದರ ಮುಂದೆ ಇಪ್ಪತ್ತೆರಡು ನಲವತ್ತೇಳು.

ಅವನು ಒಮ್ಮೆ ಕಣ್ಣುಜ್ಜಿಕೊಂಡ. ಅಂಕಿ ಬದಲಾಗಲಿಲ್ಲ.

"ಭಾವ!" ನೀರಿನಲ್ಲಿ ಲೇನಿನ ಹಗ್ಗಕ್ಕೆ ಜೋತುಬಿದ್ದುಕೊಂಡೇ ತಿಲೆಕ್ ಕೂಗಿದ. "ನಿಮಗೆ ಎಷ್ಟು ಬಂತು?"

"ನಿಂಗೆ ಬಂದಷ್ಟೇ ಕಣೋ!"

ಧ್ವನಿವರ್ಧಕದಲ್ಲಿ ಘೋಷಣೆಯಾಯಿತು. ಎಂಟನೆಯ ಜಾಗಕ್ಕೆ ಇಬ್ಬರು ಸಮ. ಈ ಸಂಜೆಯ ಕೊನೆಯ ಪದಕ ಪ್ರದಾನವಾದ ಮೇಲೆ ಇಬ್ಬರೂ ಮತ್ತೆ ಈಜಬೇಕು. ಐವತ್ತು ನಿಮಿಷ ಸಮಯವಿತ್ತು.

ಅವರಿಬ್ಬರ ಕೋಚ್ ಜೋಯಾ ಅರ್ಕಾದ್ಯೆವ್ನಾ ಅರವತ್ತೆರಡರ ಹೆಂಗಸು. ಅವಳ ಬಾಯಿಗೆ ಬಿಷ್ಕೆಕ್‌ನ ಕೊಳವೇ ಹೆದರುತ್ತಿತ್ತು. ಇಬ್ಬರನ್ನೂ ಗೋಡೆಯ ಪಕ್ಕ ನಿಲ್ಲಿಸಿ ಹೇಳಿದಳು: "ಇಬ್ರೂ ನನ್ನವರೇ. ಅದಕ್ಕೇ ಈಗ ಯಾರಿಗೂ ಒಂದು ಮಾತೂ ಹೇಳಲ್ಲ. ನಾನು ಮೇಲೆ ಹೋಗಿ ಕೂತ್ಕೋತೀನಿ. ಗೆದ್ದವನು ಬಂದು ನನ್ನ ತಬ್ಕೋಬಾರದು, ಸೋತವನು ಬಂದು ನನ್ನ ಮುಂದೆ ಅಳಬಾರದು."

ಹಾಗೆ ಹೇಳಿ ಎರಡು ಹೆಜ್ಜೆ ಹೋದವಳು ಮೆದೆತ್‌ನತ್ತ ತಿರುಗಿ ಏನೋ ಹೇಳಲು ಬಾಯಿ ತೆರೆದು, ಮುಚ್ಚಿಕೊಂಡು ಹೊರಟುಹೋದಳು. ಅದೇನೆಂದು ಅವನಿಗೆ ಗೊತ್ತಿತ್ತು. ಹತ್ತು ವರ್ಷದಿಂದ ಅವಳು ಹೇಳುತ್ತಿದ್ದುದು ಒಂದೇ ಮಾತು: ಉಸಿರು ತಗೋಬೇಡ. ಐವತ್ತು ಮೀಟರಿನಲ್ಲಿ ಒಳ್ಳೆಯ ಈಜುಗಾರರು ತಲೆ ಎತ್ತುವುದೇ ಇಲ್ಲ. ಮೆದೆತ್ ಮಾತ್ರ ಮೂವತ್ತೈದನೆಯ ಮೀಟರಿನ ಹತ್ತಿರ ಎಡಕ್ಕೆ ತಿರುಗಿ ಒಂದು ಗುಟುಕು ಗಾಳಿ ಎಳೆದುಕೊಳ್ಳುತ್ತಿದ್ದ. ಆ ಒಂದು ಗುಟುಕು ಬಿಟ್ಟರೆ ಸತ್ತೇ ಹೋಗುತ್ತೇನೆಂಬ ಭಯ ಹದಿನೈದನೆಯ ವಯಸ್ಸಿನಿಂದಲೂ ಅವನನ್ನು ಬಿಟ್ಟಿರಲಿಲ್ಲ.

ತಿಲೆಕ್ ಮೈ ಸಡಿಲಿಸಿಕೊಳ್ಳಲು ಪಕ್ಕದ ಸಣ್ಣ ಕೊಳಕ್ಕೆ ಹೋದ. ಮೆದೆತ್ ಕಾರಿಡಾರಿನಲ್ಲಿ ಈ ತುದಿಯಿಂದ ಆ ತುದಿಗೆ ನಡೆಯತೊಡಗಿದ. ಮೊಣಕಾಲಿನವರೆಗಿನ ರೇಸಿನ ಚಡ್ಡಿ ತೊಡೆಗೆ ಗಮ್ಮು ಹಾಕಿ ಅಂಟಿಸಿದಂತೆ ಕಚ್ಚಿಕೊಂಡಿತ್ತು. ಅದನ್ನು ಬಿಚ್ಚಿ ಒಣಗಿದ್ದೊಂದನ್ನು ಏರಿಸಬೇಕೆಂದರೆ ಇಪ್ಪತ್ತು ನಿಮಿಷ ಬೇಕು. ಬಿಚ್ಚುವುದೋ ಬೇಡವೋ? ಬೇಡ. ಅಥವಾ ಬಿಚ್ಚಬೇಕೋ?

ಮೂರನೆಯ ಸುತ್ತಿನಲ್ಲಿ ತಂಡದ ಮ್ಯಾನೇಜರ್ ಕಾದಿರ್‌ಬೆಕ್ ಎದುರಾದ. ಕೈಯಲ್ಲಿ ಒಂದು ಹಾಳೆ.

"ಬಾ ತಮ್ಮ, ಸ್ವಲ್ಪ ನಿಂತ್ಕೋ. ಅಯ್ಯೋ ನಿಲ್ಲಪ್ಪ ಒಂದು ನಿಮಿಷ! ನೋಡು, ನಿನಗೆ ಇಪ್ಪತ್ತೊಂಬತ್ತು. ಇದು ಕೊನೇದು ಅಂತ ನೀನೇ ಎಲ್ಲರಿಗೂ ಹೇಳ್ಕೊಂಡು ಬಂದಿದ್ದೀಯ. ಹುಡುಗನಿಗೆ ಇನ್ನೂ ಹತ್ತೊಂಬತ್ತು. ಅವನ ದಮ್ಮು ಸುಮ್ಮನೆ ಯಾಕೆ ತೆಗೀಬೇಕು? ಹಿಂದೆ ಸರಿದೆ ಅಂತ ಇಲ್ಲೊಂದು ರುಜು ಹಾಕಿಬಿಡು. ನಾಳೆ ಅವನು ಹಗುರಾಗಿ ಇಳೀಲಿ."

"ತಿಲೆಕ್‌ಗೆ ಹೇಳಿದ್ದೀರಾ?"

"ಅವನಿಗೆ ಹೇಳೋದೇನಿದೆ? ಹುಡುಗ. ನಿನ್ನ ಮನೇ ಹುಡುಗಾನೇ ಅಲ್ವಾ?"

ಹಾಳೆಯನ್ನು ಅವನ ಕೈಗೆ ತುರುಕಿ ಕಾದಿರ್‌ಬೆಕ್ ಹೋದ. ಮೆದೆತ್ ಅದನ್ನು ಓದದೆ ನಾಲ್ಕಾಗಿ ಮಡಚಿದ, ಎಂಟಾಗಿ ಮಡಚಿದ. ಕಾದಿರ್‌ಬೆಕ್ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಬರುವ ಒಂದನೆಯ ತಾರೀಕಿನಿಂದ ಕಾರಾಕೊಲ್‌ನ ಹೊಸ ಈಜುಕೊಳದ ಉಸ್ತುವಾರಿ ತನ್ನದು. ಬೆರ್ಮೆತ್ ಆಗಲೇ ಅಲ್ಲಿಯ ಆಸ್ಪತ್ರೆಗೆ ವರ್ಗ ಮಾಡಿಸಿಕೊಂಡು, ತಾಯಿಯನ್ನೂ ಕರೆದುಕೊಂಡು ಹೋಗಿ ಮನೆ ಹೂಡಿದ್ದಳು. ಕಿಟಕಿಗಳಿಗೆ ಪರದೆ ಹೊಲಿಸಿದ್ದಾಗಿತ್ತು. ಗಂಡ ಬರುವುದೊಂದೇ ಬಾಕಿ.

ಅವನು ಬೆರ್ಮೆತ್‌ಗೆ ಫೋನು ಮಾಡಿದ. ಎತ್ತಿದ್ದು ಅತ್ತೆ.

"ನನ್ನಪ್ಪಾ, ನೋಡಿದ್ವಿ, ಇಬ್ರನ್ನೂ ನೋಡಿದ್ವಿ! ದೇವರೇ, ಇಬ್ಬರೂ ಸಮ ಅಂತೆ, ಇದೇನಪ್ಪಾ ಇದು? ನಾನು ಕಳಿಸಿದ್ದ ಕುರುತ್ ತಿಂದ್ರಾ?"

"ತಿಂದ್ವಿ ಅತ್ತೆ." ಸುಳ್ಳು. ಉಪ್ಪುಪ್ಪಾದ ಆ ಮೊಸರಿನ ಉಂಡೆಗಳ ಪೊಟ್ಟಣ ಹೋಟೆಲಿನಲ್ಲೇ ಇತ್ತು.

ಅತ್ತೆ ದನಿ ತಗ್ಗಿಸಿದಳು. "ಮೆದೆತ್, ನಾನು ಹೀಗೆ ಕೇಳಬಾರದು. ನೀನು ನನಗೆ ಮಗನಿಗಿಂತ ಹೆಚ್ಚು. ಆದ್ರೆ ಅವನು ಕೊನೇ ಮಗು ನೋಡು... ಅವನು ಇನ್ನೂ ಏನೂ ಕಂಡಿಲ್ಲ... ನೀನು ಎಷ್ಟೋ ಫೈನಲ್ ನೋಡಿದವನು..."

"ಅಮ್ಮಾ! ಕೊಡು ಇಲ್ಲಿ ಫೋನು!" ಬೆರ್ಮೆತ್‌ಳ ದನಿ ಹಿಂದಿನಿಂದ ಕೇಳಿಸಿತು. ಏನೋ ಕೆಳಗೆ ಬಿತ್ತು. ಬಾಗಿಲು ಹಾಕಿದ ಸದ್ದಾಯಿತು. ಆಮೇಲೆ ಅವಳೇ ಮಾತಾಡಿದಳು.

"ಏನಂದ್ಲು?"

"ಏನಿಲ್ಲ. ಕುರುತ್ ತಿಂದ್ರಾ ಅಂದ್ರು."

"ನಂಗೆ ಗೊತ್ತು ಏನಂದ್ಲು ಅಂತ. ಕೇಳಿಲ್ಲಿ. ಬಿಟ್ಟುಕೊಟ್ಟು ಬಂದೆ ಅಂದ್ರೆ ಈ ಮನೆಗೆ ಕಾಲಿಡಬೇಡ. ನೀನು ಬಿಟ್ಟುಕೊಟ್ಟಿದ್ದು ಅಂತ ಅವನಿಗೆ ಗೊತ್ತಾಗೇ ಆಗುತ್ತೆ. ಆಮೇಲೆ ನೀವಿಬ್ರೂ ಮುಖ ಊದಿಸ್ಕೊಂಡು ಒಂದೇ ಮೇಜಿಗೆ ಊಟಕ್ಕೆ ಕೂತರೆ ನಾನು ಯಾರಿಗೆ ಬಡಿಸಲಿ?"

"ಹಾಗಾದ್ರೆ ನೀನು ಯಾರ ಕಡೆ?"

"ನಾನು ಹೊರಗಡೆ ಹೋಗ್ತೀನಿ. ಆ ಇಪ್ಪತ್ತೆರಡು ಸೆಕೆಂಡು ಅಂಗಳದಲ್ಲಿ ನಿಂತಿರ್ತೀನಿ. ಮುಗಿದ ಮೇಲೆ ಅಮ್ಮನ ಮುಖ ನೋಡಿದ್ರೆ ಗೊತ್ತಾಗುತ್ತೆ."

ಮೆದೆತ್ ನಕ್ಕ. ಆದರೆ ಫೋನು ಇಟ್ಟ ಕೂಡಲೇ ಕಾಲುಗಳು ಮತ್ತೆ ತಾವಾಗಿಯೇ ನಡೆಯತೊಡಗಿದವು. ಹೋಗಿ ಸಣ್ಣ ಕೊಳದಲ್ಲಿ ನಾಲ್ಕು ಸುತ್ತು ಈಜಿದ. ತಿಲೆಕ್ ಅಷ್ಟರಲ್ಲಿ ಅಲ್ಲಿಂದ ಎದ್ದು ಹೋಗಿದ್ದ. ನೀರಿನಿಂದ ಬಂದು ಮೈ ಒರೆಸಿಕೊಂಡ, ಗಡಿಯಾರ ನೋಡಿದ. ಇನ್ನೂ ಇಪ್ಪತ್ತೊಂದು ನಿಮಿಷವಿತ್ತು. ಬಾಳೆಹಣ್ಣು ಸುಲಿದು ಅರ್ಧ ತಿಂದು ಬಿಸಾಕಿದ. ಬಚ್ಚಲಿಗೆ ಹೋಗಿ ಬಂದ. ಹತ್ತೊಂಬತ್ತು ನಿಮಿಷ ಉಳಿದಿತ್ತು.

ಸ್ಪರ್ಧಿಗಳು ಕಾಯುವ ಕೋಣೆಗೆ ಅವನು ಹೊತ್ತಿಗೆ ಮುಂಚೆಯೇ ಹೋದ. ತಿಲೆಕ್ ಇನ್ನೂ ಮುಂಚೆ ಬಂದು ಕೂತಿದ್ದ. ಎಂಟು ಕುರ್ಚಿಗಳ ಆ ಕೋಣೆಯಲ್ಲಿ ಅವರಿಬ್ಬರೇ. ತಿಲೆಕ್‌ನ ಮುಖ ಕೆಂಪಗಾಗಿತ್ತು.

"ಭಾವ, ಆ ಕಾಗದಕ್ಕೆ ರುಜು ಹಾಕಿದ್ರಾ?"

ಮೆದೆತ್ ಬೆಚ್ಚಿದ. "ನಿನಗೆ ಯಾರು ಹೇಳಿದ್ದು?"

"ಕಾದಿರ್‌ಬೆಕ್ಕೇ ಬಂದು ಹೇಳಿದ. 'ಚಿಂತೆ ಬಿಡು, ನಿಮ್ಮ ಭಾವ ಸರೀತಾನೆ' ಅಂತ ಬೆನ್ನು ತಟ್ಟಿದ. ನಾನಂದೆ, ಅವರು ಸರಿದ್ರೆ ನಾನೂ ಸರೀತೀನಿ. ಹತ್ತನೇ ಜಾಗದವನು ಹೋಗಿ ಫೈನಲ್ ಈಜಲಿ, ಅವನಿಗಾದ್ರೂ ಖುಷಿಯಾಗುತ್ತೆ ಅಂದೆ."

"ನಿನಗೆ ತಲೆ ಕೆಟ್ಟಿದೆಯೇನೋ?"

"ನನಗಾ? ಮೂರು ವರ್ಷ ದಿನಾ ಬೆಳಿಗ್ಗೆ ಐದಕ್ಕೆ ಹೊದಿಕೆ ಎಳೆದು ಎಬ್ಬಿಸಿದ್ದು ನೀವು. 'ಯಾವತ್ತಾದ್ರೂ ನನ್ನ ಹಿಡಿದು ತೋರ್ಸು' ಅಂತ ನೀರಲ್ಲಿ ಮುಳುಗಿಸಿ ಹೇಳಿದ್ದೂ ನೀವೇ. ಈಗ ಕಾಗದದಲ್ಲಿ ಹಿಡಿಸ್ಕೊಳ್ತೀರಾ? ಆಮೇಲೆ ಜೀವಮಾನವೆಲ್ಲ ಹಬ್ಬದ ಊಟಕ್ಕೆ ಕೂತಾಗ, 'ಇವನನ್ನ ಫೈನಲ್‌ಗೆ ಕಳಿಸಿದ್ದು ನಾನೇ' ಅಂತ ನೀವು ಹೇಳದೇ ಇದ್ರೂ ನನಗೆ ಕೇಳಿಸ್ತಾ ಇರುತ್ತೆ."

ಮೆದೆತ್ ಮೈಮೇಲಿನ ಜಾಕೆಟ್ಟಿನ ಜೇಬಿನಿಂದ ಹಾಳೆಯನ್ನು ತೆಗೆದ. ಬಿಡಿಸಲು ಹೋಗದೆ ಹಾಗೆಯೇ ಅವನ ಅಂಗೈಗೆ ಹಾಕಿದ. ತಿಲೆಕ್ ಬಿಡಿಸಿ ನೋಡಿದ. ರುಜು ಇರಲಿಲ್ಲ. ಮೂಗೊರೆಸಿಕೊಂಡ.

"ಮೊದಲೇ ಹೇಳಬಾರದಿತ್ತಾ?"

"ನೀನು ಬಾಯಿ ಮುಚ್ಚಿದ್ರೆ ತಾನೇ ಹೇಳೋದು."

ತಿಲೆಕ್‌ನ ಎಡಗಾಲು, ಮೆದೆತ್‌ನ ಬಲಗಾಲು ಒಂದೇ ಸಮನೆ ಕುಣಿಯುತ್ತಿದ್ದವು. ಬಾಗಿಲಲ್ಲಿ ನಿಂತ ಅಧಿಕಾರಿ ಹೆಂಗಸು ಆ ಕಾಲುಗಳನ್ನು ನೋಡಿ ಮುಗುಳ್ನಕ್ಕು, ಹೊರಡಿ ಎಂದು ಕೈಸನ್ನೆ ಮಾಡಿದಳು.

ಎಂಟು ಲೇನಿನ ಕೊಳಕ್ಕೆ ಇಬ್ಬರೇ. ನಾಲ್ಕನೆಯದು ಮೆದೆತ್‌ಗೆ, ಅವನ ಎಡಕ್ಕೆ ಐದನೆಯದು ತಿಲೆಕ್‌ಗೆ. ಮನೆಗೆ ಹೊರಟಿದ್ದ ಜನ ಮೆಟ್ಟಿಲುಗಳ ಮೇಲೇ ನಿಂತು ತಿರುಗಿ ನೋಡುತ್ತಿದ್ದರು. ಬ್ಲಾಕಿನ ಮೇಲೆ ಬಗ್ಗಿ ಬೆರಳು ಊರಿದಾಗ ಮೆದೆತ್‌ಗೆ ಒಂದು ವಿಷಯ ಹೊಳೆಯಿತು. ತಾನು ಉಸಿರಿಗೆ ತಿರುಗುವುದು ಎಡಕ್ಕೆ. ತಿರುಗಿದರೆ ಕಾಣುವುದು ತಿಲೆಕ್. ಅವನು ಹಿಂದಿದ್ದರೆ ತನ್ನ ಕೈ ಎಲ್ಲಿ ಸಡಿಲವಾಗುತ್ತದೋ, ಮುಂದಿದ್ದರೆ ಮನಸ್ಸು ಎಲ್ಲಿ 'ಸರಿ, ಹೋಗಲಿ' ಎನ್ನುತ್ತದೋ. ಎರಡೂ ಬೇಡ. ನೋಡುವುದೇ ಬೇಡ.

ಸದ್ದಾಯಿತು. ಹಾರಿದರು.

ನೀರೊಳಗಿನ ಒದೆತ ಮುಗಿಸಿ ಮೇಲೆ ಬಂದಾಗ ಕೈಗಳು ತಾವಾಗಿಯೇ ತಿರುಗತೊಡಗಿದವು. ಹದಿನೈದು ಮೀಟರಿನ ಗುರುತು ಕಳೆಯಿತು. ಇಪ್ಪತ್ತೈದೂ ಆಯಿತು. ಕೆಳಗೆ ಕಪ್ಪು ಗೆರೆ ಓಡುತ್ತಿತ್ತು. ಮೂವತ್ತೈದರಲ್ಲಿ ಕುತ್ತಿಗೆ ಹಳೆಯ ಚಟದಿಂದ ಎಡಕ್ಕೆ ಸೆಳೆಯಿತು. ಅವನು ಅದನ್ನು ತಡೆದ. ಎದೆಯೊಳಗೆ ಯಾರೋ ಬಾಗಿಲು ಗುದ್ದಿದ ಹಾಗಾಯಿತು. ಗಾಳಿ, ಗಾಳಿ ಎಂದು ಮೈಯೆಲ್ಲ ಕೂಗಿತು. ಕಣ್ಣ ಮುಂದೆ ಗೆರೆ ಮಂಜಾಯಿತು. ಇನ್ನು ಸಾಯುವುದೇ ಎಂದುಕೊಂಡ. ಸಾಯಲಿಲ್ಲ. ಕೈ ಇನ್ನೂ ಎಳೆಯುತ್ತಿತ್ತು, ಮೊದಲಿಗಿಂತ ಜೋರಾಗಿ. ಗೋಡೆ ಬಂದು ಬೆರಳಿಗೆ ಬಡಿಯಿತು.

ತಲೆ ಎತ್ತಿ ಬಾಯಿ ತುಂಬ ಗಾಳಿ ಎಳೆದುಕೊಂಡು ಫಲಕದತ್ತ ನೋಡಿದ. ತಿಲೆಕ್, ಇಪ್ಪತ್ತೆರಡು ಮೂವತ್ತು. ಮೆದೆತ್, ಇಪ್ಪತ್ತೆರಡು ಮೂವತ್ತೊಂದು.

ಒಂದು ಸೆಕೆಂಡನ್ನು ನೂರು ಪಾಲು ಮಾಡಿದರೆ ಅದರಲ್ಲಿ ಒಂದು ಪಾಲು. ಸೋತಿದ್ದ. ಆದರೆ ತನ್ನ ಹೆಸರಿನ ಮುಂದಿನ ಅಂಕಿಯಿಂದ ಅವನಿಗೆ ಕಣ್ಣು ಕೀಳಲಾಗಲಿಲ್ಲ. ಹದಿನಾಲ್ಕು ವರ್ಷದಲ್ಲಿ ಅಷ್ಟು ವೇಗವಾಗಿ ಅವನು ಎಂದೂ ಈಜಿರಲಿಲ್ಲ.

ತಿಲೆಕ್ ಹಗ್ಗ ದಾಟಿ ಬಂದು ಅವನ ಕುತ್ತಿಗೆಗೆ ಬಿದ್ದ. ಏನೋ ಹೇಳುತ್ತಿದ್ದ, ಅಳುತ್ತಿದ್ದನೋ ನಗುತ್ತಿದ್ದನೋ. ಮೆದೆತ್ ಅವನ ತಲೆಯನ್ನು ನೀರಿನಲ್ಲಿ ಒಮ್ಮೆ ಮುಳುಗಿಸಿ ಬಿಟ್ಟ. ಮೇಲೆ ಗ್ಯಾಲರಿಯಲ್ಲಿ ಜೋಯಾ ಅರ್ಕಾದ್ಯೆವ್ನಾ ಎರಡೂ ಕೈಯಿಂದ ತಲೆ ಹಿಡಿದುಕೊಂಡು ನಿಂತಿದ್ದಳು. ಅವನು ಬಳಿ ಹೋದಾಗ ಅವಳು ತಬ್ಬಲಿಲ್ಲ. ಬೆನ್ನಿಗೆ ಒಂದು ಗುದ್ದು ಕೊಟ್ಟಳು.

"ಹತ್ತು ವರ್ಷ! ಹತ್ತು ವರ್ಷ ಗಂಟಲು ಹರ್ಕೊಂಡೆನಲ್ಲೋ, ಕತ್ತೆ! ಬಿಟ್ಟು ಹೋಗೋ ದಿನ ಕಲಿತೆಯಾ?"

ಹೋಟೆಲಿಗೆ ಹೋಗುವ ವ್ಯಾನಿನಲ್ಲಿ ಬೆರ್ಮೆತ್‌ಳ ಫೋನು ಬಂತು.

"ಅಮ್ಮ ಅಳ್ತಾ ಇದ್ಲು. ಖುಷಿಗೆ. ನಾನು ನಿನ್ನ ಹೆಸರು ಎತ್ತಿದ ಕೂಡಲೇ ಕಣ್ಣೊರೆಸ್ಕೊಂಡು ಅಡುಗೆಮನೆಗೆ ಹೋದ್ಲು. ನೀನು ಹೇಗಿದ್ದೀಯ?"

"ಉಸಿರು ತಗೊಳ್ಳಲಿಲ್ಲ ಕಣೇ."

"ಹೂಂ. ಅಂಗಳದಿಂದ ಒಳಗೆ ಬಂದು ರೀಪ್ಲೇ ನೋಡಿದೆ. ಒಂದನೇ ತಾರೀಕಿಗೆ ಬರ್ತೀಯ ತಾನೇ?"

"ಒಂದು ಸಲವೂ ತಗೊಳ್ಳಲಿಲ್ಲ."

"ಮೆದೆತ್. ನಾನು ಕೇಳಿದ್ದು ಅದನ್ನಲ್ಲ."

ಅವಳು ಫೋನು ಇಟ್ಟಳು.

ಮರುದಿನ ಫೈನಲ್‌ನಲ್ಲಿ ತಿಲೆಕ್ ಆರನೆಯವನಾಗಿ ಬಂದ. ದೇಶದ ಪಾಲಿಗೆ ಅದೇ ದೊಡ್ಡದು. ಕಾದಿರ್‌ಬೆಕ್ ಎಲ್ಲರ ಜೊತೆ ನಿಂತು ಫೋಟೋ ತೆಗೆಸಿಕೊಂಡ. ಮೆದೆತ್ ಕೊನೆಯವರೆಗೂ ಕಂಬಿ ಹಿಡಿದು ನಿಂತೇ ನೋಡಿದ. ಗಂಟಲು ಬೀಳುವಂತೆ ಕೂಗಿದ. ತಿಲೆಕ್ ನೀರಿನಿಂದ ಎದ್ದು ಬರುವಷ್ಟರಲ್ಲಿ ಅವನು ಸಣ್ಣ ಕೊಳಕ್ಕೆ ಇಳಿದಾಗಿತ್ತು. ತಲೆ ಎತ್ತದೆ ಐವತ್ತು ಮೀಟರ್ ಹೋದ. ನಿಂತ. ಮತ್ತೆ ಹೋದ. ಸ್ಪರ್ಧೆ ಮುಗಿದವನು ಇಲ್ಲೇನು ಮಾಡುತ್ತಿದ್ದಾನೆಂದು ಕಾವಲಿನವನು ಕೇಳಿದಾಗ ಅವನು ಗೋಡೆ ಒದ್ದು ಮತ್ತೆ ಹೊರಟ.

ಹಿಂದಿರುಗುವಾಗ ಗಡಿಯಲ್ಲಿ ಸಾಲು ಉದ್ದವಿತ್ತು. ಬಿಸಿಲು. ಕಲ್ಲಂಗಡಿ ಚೀಲ ಹೊತ್ತ ಹೆಂಗಸರು, ಕೂಗಾಟ. ತಿಲೆಕ್ ಬ್ಯಾಗಿಗೆ ಒರಗಿ ನಿಂತಲ್ಲೇ ತೂಕಡಿಸುತ್ತಿದ್ದ. ಮೆದೆತ್ ಹೆಂಡತಿಗೆ ಫೋನು ಮಾಡಿದ.

"ಏಪ್ರಿಲ್‌ವರೆಗೆ," ಎಂದ. "ಏಪ್ರಿಲ್‌ನಲ್ಲಿ ಇನ್ನೊಂದು ಸ್ಪರ್ಧೆ ಇದೆ. ಅಲ್ಲಿವರೆಗೆ ಬಿಷ್ಕೆಕ್‌ನಲ್ಲೇ ಇರ್ತೀನಿ. ಆಮೇಲೆ ಬಂದುಬಿಡ್ತೀನಿ ಬೆರ್ಮೆತ್."

ಅವಳು ಮೂಗಿನಿಂದ ಉಸಿರು ಬಿಟ್ಟ ಸದ್ದು ಬಂತು.

"ನನಗೆ ಮೊನ್ನೇನೇ ಗೊತ್ತಾಗಿತ್ತು. ಪರದೆ ಹೊಲಿಸಿದ್ದು ನನಗೊಬ್ಬಳಿಗೇ ಅಂದ್ಕೊಂಡೆ." ಅವಳ ದನಿ ಒಡೆದಿತ್ತು. ಆದರೂ ಗಟ್ಟಿಯಾಗಿಯೇ ಹೇಳಿದಳು: "ಏಪ್ರಿಲ್ ಅಂದ್ರೆ ಏಪ್ರಿಲ್. ಮೇ ಅಂತ ಬಾಯಿ ಬಿಟ್ಟರೆ ನೋಡು. ಇಲ್ಲಿಯ ಕೊಳದ ಡೈರೆಕ್ಟರ್‌ಗೆ ನೀನೇ ಫೋನ್ ಮಾಡಿ ಬೈಸ್ಕೋ. ನಾನು ಮಾಡಲ್ಲ."

ಅವನು ಡೈರೆಕ್ಟರ್‌ಗೆ ಮಾಡಿದ. ಎತ್ತಲಿಲ್ಲ. ಮತ್ತೆ ಮಾಡಿದ. ಸಾಲು ಎರಡು ಹೆಜ್ಜೆ ಮುಂದೆ ಸರಿಯಿತು. ತಿಲೆಕ್‌ನ ಭುಜ ತಟ್ಟಿ ಎಬ್ಬಿಸಿ, ಬ್ಯಾಗನ್ನು ಕಾಲಿನಿಂದ ಮುಂದಕ್ಕೆ ತಳ್ಳುತ್ತ, ಅವನು ಮೂರನೆಯ ಸಲ ಅದೇ ನಂಬರು ಒತ್ತಿದ.