ಅರವತ್ತು ಮೀಟರ್ ಮೇಲಿಂದ

ಬಟ್ಟೆಚೂರು ಅಲುಗಿತು, ಕ್ರೇನಿನ ಉದ್ದ ತೋಳಿನ ತುದಿಗೆ ನಾನೇ ಕಟ್ಟಿದ ಕೆಂಪು ಬಟ್ಟೆ, ಎಡಕ್ಕೆ ವಾಲುತ್ತಿದೆ, ಅಂದರೆ ಗಾಳಿ ಎದ್ದಿದೆ, ಇನ್ನೆರಡು ಗಂಟೆಯಲ್ಲಿ ಕ್ರೇನ್ ನಿಲ್ಲಿಸಲೇಬೇಕು, ಅಷ್ಟರೊಳಗೆ ಕೆಳಗಿರುವ ಗಾಜಿನ ಹಲಗೆಗಳೆಲ್ಲ ಮೇಲೇರಬೇಕು, ಏರಲಿ, ನನ್ನ ಮಾತು ಮುಗಿದ ಮೇಲೆ ಏರಲಿ — ಎಂಟು ವರ್ಷ, ಅರವತ್ತು ಮೀಟರ್ ಮೇಲಿನ ಈ ಡಬ್ಬಿಯಲ್ಲಿ ಕೂತು ಏನೆಲ್ಲ ಎತ್ತಿದೆ, ತೊಲೆ, ಸಿಮೆಂಟು, ಒಮ್ಮೆ ಇಡೀ ಮೆಟ್ಟಿಲಸಾಲು, ಯಾರಿಗೂ ಒಂದು ತರಚುಗಾಯ ಇಲ್ಲ, ಹೆಂಗಸಿಗೆ ಇಷ್ಟು ಸಂಬಳವಾ ಅಂತ ಬೀದಿಯವರು ಕಣ್ಣರಳಿಸಿದರು, ನಾನೂ ಉಬ್ಬಿದೆ, ಅತ್ತೆಗೆ ಹಲ್ಲು ಕಟ್ಟಿಸಿದೆ, ನಾದಿನಿಯನ್ನು ಓದಿಸಿದೆ, ಹಾಗೇ ಉಬ್ಬಿಕೊಂಡೇ ಇರುತ್ತಿದ್ದೆ ಉದ್ದಣ್ಣ ಆ ಚೀಟಿ ತೋರಿಸದಿದ್ದರೆ, ಪಾಪ ಉದ್ದಣ್ಣ, ಕಪಟ ತಿಳಿಯದವನು, ಈ ಲಿವರ್ ಹಿಡಿಯೋದು ನಾನೇ ಕಲಿಸಿದ್ದು, ಮೊದಲ ದಿನ ಇಲ್ಲೇ ಬಕೆಟ್ಟಿಗೆ ವಾಂತಿ ಮಾಡಿಕೊಂಡ, ಅಕ್ಕ ಯಾರಿಗೂ ಹೇಳಬೇಡಿ, ಹೇಳಲಿಲ್ಲ, ಹೋದ ತಿಂಗಳು ಊಟದ ಹೊತ್ತಲ್ಲಿ ಸಂಬಳದ ಚೀಟಿ ಹಿಡಕೊಂಡು ಬಂದ, ಅಕ್ಕ ಟ್ಯಾಕ್ಸ್ ಸರಿಯಾಗಿ ಹಿಡಿದಿದಾರಾ ನೋಡಿ, ನೋಡಿದೆ, ಬಾಯಲ್ಲಿದ್ದ ತುತ್ತು ಬಾಯಲ್ಲೇ, ನನ್ನ ಸಂಬಳ, ಅದರ ಮೇಲೆ ಇನ್ನೂ ಮೂರನೇ ಒಂದು ಪಾಲು ಜಾಸ್ತಿ — ನಿನ್ನೆ ಮೊನ್ನೆ ಸೇರಿದವನಿಗೆ. ಆಫೀಸಿಗೆ ಹೋಗಿ ಹೇಳಿದ್ದಕ್ಕೆ ಮ್ಯಾನೇಜರ್ ನಕ್ಕರು, ಅವನು ಮನೆ ನಡೆಸಬೇಕಲ್ಲಮ್ಮ, ನಿಮ್ಮನೇಲಿ ಯಜಮಾನ್ರೂ ದುಡೀತಾರೆ, ಮುಂದಿನ ವರ್ಷ ನೋಡೋಣ, ಈ ಕಬ್ಬಿಣಕ್ಕೇನು ಗೊತ್ತು ಯಾರ ಮನೇಲಿ ಯಾರು ದುಡೀತಾರೆ ಅಂತ, ಆ ಯಜಮಾನ್ರೋ, ಇರೋ ಕೆಲಸಾನ ಕಳ್ಕೋಬೇಡ ಕಣೆ ಅಂತ ಮಗ್ಗುಲಾದರು, ಅತ್ತೆ ಮಾತ್ರ, ಸೊಪ್ಪು ಬಿಡಿಸುತ್ತಾ, ತಲೆ ಎತ್ತದೆ, ಮೂವತ್ತು ವರ್ಷ ಗಿರಣೀಲಿ ದುಡಿದೆ, ಪಕ್ಕದ ಗಂಡಸಿಗೆ ಎಷ್ಟು ಅಂತ ಒಂದಿನಾನೂ ಕೇಳಲಿಲ್ಲ, ನೀನು ಕೇಳು ತಾಯಿ.

ಕೇಳಿದೆ, ಈಗ ತಾನೇ, ಕೊಕ್ಕೆ ಖಾಲಿ, ಯಾರ ತಲೆ ಮೇಲೂ ಏನೂ ತೂಗುತ್ತಿಲ್ಲ ಅಂತ ನೋಡಿಕೊಂಡು ಬ್ರೇಕ್ ಹಾಕಿ, ವಾಕಿಟಾಕಿ ಒತ್ತಿ, ಎಲ್ಲರಿಗೂ ಕೇಳುವ ಹಾಗೆ, ಸಾರ್, ನಾನು ಕಲಿಸಿದವನಿಗೆ ನನಗಿಂತ ಜಾಸ್ತಿ ಕೊಡ್ತೀರಿ, ನನಗೂ ಅಷ್ಟೇ ಅಂತ ಬರೆದು ಸಹಿ ಹಾಕಿ ಮೇಲೆ ತನ್ನಿ, ಗಾಜು ಎತ್ತುತೀನಿ. ಕರಕರ ಸದ್ದು, ಆಮೇಲೆ ಮ್ಯಾನೇಜರ್, ಉದ್ದಣ್ಣನ್ನ ಹತ್ತಿಸ್ತೀನಿ, ನೀವು ಇಳೀರಿ, ಅವನು ಹತ್ತಿದರೆ ನನ್ನ ಕಥೆ ಮುಗೀತು — ಅಷ್ಟರಲ್ಲಿ ಅವನದೇ ದನಿ, ಈ ಗಾಳೀಲಿ ಗಾಜು ನನ್ನ ಕೈಲಾಗಲ್ಲ ಸಾರ್, ಆಗಿದ್ರೂ ಅಕ್ಕ ಕೂತಿರೋವಾಗ ಹತ್ತಲ್ಲ. ಯಾರೋ ನಕ್ಕರು, ಯಾರೋ ಶಿಳ್ಳೆ ಹಾಕಿದರು, ಎಷ್ಟು ಹೊತ್ತಾಯಿತೋ, ಈಗ ಏಣಿಯ ಬುಡದಲ್ಲಿ ಹಳದಿ ಹೆಲ್ಮೆಟ್, ಮ್ಯಾನೇಜರೇ, ಒಂದು ದಿನವೂ ಹತ್ತದವರು, ಹಲ್ಲಲ್ಲಿ ಬಿಳಿ ಕಾಗದ ಕಚ್ಚಿಕೊಂಡು ಹತ್ತುತ್ತಿದ್ದಾರೆ, ಅರ್ಧಕ್ಕೆ ನಿಂತರು, ಕಂಬಿ ತಬ್ಬಿಕೊಂಡರು, ಬಾಯಿ ಬಿಟ್ಟರೆ ಕಾಗದ ಹಾರುತ್ತೆ, ಕೂಗೋಕೂ ಆಗಲ್ಲ, ನಾನೇ ಅರ್ಧ ಇಳಿದು ಇಸ್ಕೊಳ್ಳಲಾ, ಇಲ್ಲ, ಇಳಿಯಲ್ಲ, ಜ್ವರದಲ್ಲೂ ಹತ್ತಿದ ಏಣಿ ಇದು, ಹತ್ತಿ ಸಾರ್, ಕೆಳಗೆ ನೋಡಬೇಡಿ, ಒಂದೊಂದೇ ಕಂಬಿ, ಒಂದು ಕೈ ಬಿಟ್ಟಿತು, ಮೇಲಿನದನ್ನು ಹಿಡಿಯಿತು, ಹಳದಿ ಹೆಲ್ಮೆಟ್, ಹಲ್ಲಲ್ಲಿ ಕಾಗದ, ಇನ್ನೊಂದು ಕಂಬಿ, ಹಳದಿ ಹೆಲ್ಮೆಟ್, ಹಲ್ಲಲ್ಲಿ ಕಾಗದ —